ಗೇರ್‌ಬಾಕ್ಸ್ ರಾಯರು

ಹೆಣ್ಣು ನೋಡಲು ಹೋಗುವಾಗ ಜೊತೆಗೊಬ್ಬ ಹಿರಿಯರಿರಬೇಕು, ಸೈಟು ಕೊಳ್ಳುವಾಗಲೂ ಇರಬೇಕು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಗ್ಯಾರೇಜಿಗೆ ಹೋಗುವಾಗಲೂ ಒಬ್ಬರು ಬೇಕು. ನಮ್ಮ ಬೀದಿಗೆ ಆ ಹಿರಿಯರು ರಾಯರು. ಏಜೀಸ್ ಆಫೀಸಿನಲ್ಲಿ ಇಡೀ ಸರ್ವೀಸು ಬೇರೆಯವರ ವೋಚರುಗಳಲ್ಲಿ ತಪ್ಪು ಹುಡುಕಿ, ಈಗ ಪಿಂಚಣಿ ತೆಗೆದುಕೊಂಡು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿರುವವರು.

ಕಾರು ಗೇಟು ದಾಟುವಾಗ ‘ಕರ್’ ಅಂದರೆ ಸಾಕು, ಪೇಪರಿನ ಹಿಂದಿನಿಂದ ರಾಯರ ತಲೆ ಏಳುತ್ತದೆ.

“ಎಲ್ಲಿಗೋ?”

“ಗ್ಯಾರೇಜಿಗೆ ಅಂಕಲ್. ಗೇರ್ ಸರಿಯಾಗಿ ಬೀಳ್ತಿಲ್ಲ.”

“ಒಬ್ಬನೇ ಹೋಗ್ಬೇಡ. ನಿನ್ನ ಮುಖ ನೋಡಿದ ತಕ್ಷಣ ಗೇರ್‌ಬಾಕ್ಸೇ ಹೋಗಿದೆ ಅಂತಾನೆ. ತಡಿ, ಪ್ಯಾಂಟ್ ಹಾಕ್ಕೊಂಡು ಬಂದೆ.”

ಅವರ ಈ ಅಧಿಕಾರಕ್ಕೆಲ್ಲ ಮೂಲ, ಒಂದಾನೊಂದು ಕಾಲದಲ್ಲಿ ಓಡಿಸಿದ ಪ್ರೀಮಿಯರ್ ಪದ್ಮಿನಿ. ಅದರ ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ಒಂದನೇ ಗೇರಿಗೆ ಸಿಂಕ್ರೊನೈಸರ್ ಇರಲಿಲ್ಲ. ಓಡುವ ಗಾಡಿಯನ್ನು ಒಂದಕ್ಕೆ ಇಳಿಸಬೇಕಾದರೆ ಕ್ಲಚ್ ತುಳಿದು ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒಂದು ಗುಕ್ಕು ಒತ್ತಿ, ಮತ್ತೆ ಕ್ಲಚ್ ತುಳಿದು ಹಾಕಬೇಕಿತ್ತು. ಇಷ್ಟು ಗೊತ್ತಿಲ್ಲದವರನ್ನು ರಾಯರು ಡ್ರೈವರುಗಳ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1983ರಿಂದ 2014ರವರೆಗೆ ದೇಶವೇ ಓಡಾಡಿದ ಮಾರುತಿ 800 ಅವರ ಪಾಲಿಗೆ ಆಟದ ಸಾಮಾನು. ಕ್ಲಚ್ಚನ್ನು ಮೋಟಾರೇ ಒತ್ತಿ ಗೇರನ್ನೂ ತಾನೇ ಬದಲಿಸುವ ಎಎಂಟಿ ಕಾರುಗಳ ಮೇಲಂತೂ ಕೆಂಡದಂಥ ಕೋಪ. “ಕೆಟ್ಟರೆ ಯಾರನ್ನು ಬಯ್ಯೋದು?”

ಗ್ಯಾರೇಜಿನಲ್ಲಿ ನಡೆಯುವುದು ನೋಡುವಂಥದ್ದು. ಮೇಸ್ತ್ರಿ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ಬಾಗಿಲು ಹಾಕಿ, ಕೈಯನ್ನು ವೇಸ್ಟಿಗೆ ಒರೆಸಿ, ಏನೂ ಹೇಳದೆ ತಲೆಯಾಡಿಸುತ್ತಾನೆ. ನನ್ನಂಥವರಿಂದ ಎರಡು ಸಾವಿರ ಹೆಚ್ಚಿಗೆ ಕೀಳಲು ಆ ತಲೆಯಾಡಿಸುವುದೊಂದೇ ಸಾಕು. ಆಮೇಲೆ, “ಗೇರ್‌ಬಾಕ್ಸ್ ಬಿಚ್ಬೇಕು ಸಾರ್. ಮೂವತ್ತೈದು ಆಗತ್ತೆ.”

“ಎಂಜಿನ್ ಆಫ್ ಮಾಡು,” ರಾಯರ ಅಪ್ಪಣೆ.

ಆಫ್ ಮಾಡಿ ಹಾಕಿ ನೋಡಿದರೆ ಒಂದು, ಎರಡು, ರಿವರ್ಸು, ಎಲ್ಲ ಸಲೀಸು. ಆನ್ ಮಾಡಿದರೆ ಒಂದೂ ಸರಿಯಾಗಿ ಬೀಳುವುದಿಲ್ಲ.

“ಎಂಜಿನ್ ನಿಂತಾಗ ಬೀಳೋ ಗೇರು ಓಡುವಾಗ ಬೀಳಲ್ಲ ಅಂದ್ರೆ ಗೇರ್‌ಬಾಕ್ಸ್ ಪಾಪ ಏನು ಮಾಡ್ತಯ್ಯ? ಕ್ಲಚ್ ಬಿಡಿಸ್ತಿಲ್ಲ. ಮೊದಲು ಆಯಿಲ್ ಎಲ್ಲಿ ಸೋರಿದೆ ನೋಡು.”

ಹುಡುಗ ಕಾರಿನ ಕೆಳಗೆ ನುಸುಳಿ, ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಜಿನುಗುತ್ತಿದೆ ಎಂದು ಕೂಗುತ್ತಾನೆ. ಮೂವತ್ತೈದು ಸಾವಿರ ಅಲ್ಲೇ ಮೂರು ಸಾವಿರದ ಆಸುಪಾಸಿಗೆ ಬಂದು ಕೂರುತ್ತದೆ. ರಾಯರ ಬಗ್ಗೆ ಯಾರು ಎಷ್ಟೇ ನಗಲಿ, ಈ ಒಂದು ಪರೀಕ್ಷೆಗಾಗಿ ಅವರಿಗೆ ವರ್ಷಪೂರ್ತಿ ಫಿಲ್ಟರ್ ಕಾಫಿ ಕುಡಿಸಬಹುದು. ಸದ್ದಿನ ವಿಚಾರದಲ್ಲೂ ಅಷ್ಟೇ. ಬಾನೆಟ್ಟಿನ ಹತ್ತಿರ ಕಣ್ಣುಮುಚ್ಚಿ ನಿಂತು, “ತುಳಿ... ಬಿಡು... ತುಳಿ,” ಎನ್ನುತ್ತಾರೆ. ತುಳಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗು. ತುಳಿದಾಗ ನಿಂತುಹೋದರೆ ಗೇರ್‌ಬಾಕ್ಸಿನೊಳಗಿನ ಶಾಫ್ಟಿನ ಬೇರಿಂಗು. ಇದು ಮೇಸ್ತ್ರಿಗೂ ಗೊತ್ತು. ಗಿರಾಕಿಗೂ ಗೊತ್ತು ಎಂಬುದು ಮೇಸ್ತ್ರಿಗೆ ಗೊತ್ತಾಗಬೇಕು, ಅಷ್ಟೇ.

ಇಲ್ಲಿಗೇ ನಿಲ್ಲಿಸಿದ್ದರೆ ರಾಯರು ಸಂತರಾಗಿರುತ್ತಿದ್ದರು. ಆದರೆ ಬಿಲ್ಲು ಬರುತ್ತದಲ್ಲ. ಒಂದು ಸಾಲಾದರೂ ಹೊಡೆದುಹಾಕದೆ ಬಿಲ್ಲು ಪಾಸು ಮಾಡಿದರೆ ಅವರಿಗೆ ಆ ರಾತ್ರಿ ನಿದ್ದೆ ಬಾರದು. ಮೇಸ್ತ್ರಿ ಇದನ್ನು ಎಂದೋ ಅರಿತುಕೊಂಡಿದ್ದಾನೆ. ರಾಯರು ಜೊತೆಗೆ ಬಂದ ಕಾರುಗಳ ಎಸ್ಟಿಮೇಟಿನ ಕೊನೆಗೆ ‘ವಾಷಿಂಗ್, ಗ್ರೀಸ್, ಇತರೆ: 850’ ಎಂದು ಬರೆಯುತ್ತಾನೆ. ರಾಯರು ಕನ್ನಡಕ ಏರಿಸಿ, ಜೇಬಿನ ಕೆಂಪು ಪೆನ್ನು ತೆಗೆದು, “ಈ ಇತರೆ ಅಂದ್ರೇನಯ್ಯ?” ಎಂದು ಗುಡುಗಿ ಅಡ್ಡಗೆರೆ ಎಳೆಯುತ್ತಾರೆ. ಮೇಸ್ತ್ರಿ ಅಳುಮುಖ ಮಾಡುತ್ತಾನೆ. ಕಾರಿನವನು ಕೃತಜ್ಞನಾಗುತ್ತಾನೆ. ಮೂವರಿಗೂ ಸಂತೋಷ. ಆ ‘ಇತರೆ’ಗೆ ಗ್ಯಾರೇಜಿನ ಹುಡುಗರು ಇಟ್ಟಿರುವ ಹೆಸರು ‘ರಾಯರ ಬಾಬ್ತು’.

ಒಮ್ಮೆ ಮೇಸ್ತ್ರಿ ಊರಿಗೆ ಹೋಗಿದ್ದಾಗ ಎಸ್ಟಿಮೇಟು ಬರೆದ ಹೊಸ ಹುಡುಗನಿಗೆ ಈ ಸಂಪ್ರದಾಯ ಗೊತ್ತಿರಲಿಲ್ಲ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಲೇಬರ್. ಎಲ್ಲ ನ್ಯಾಯವಾದ ಸಾಲುಗಳೇ. ಕೆಂಪು ಪೆನ್ನು ಹೊರಬಂದಾಗಿತ್ತು. ಬರಿಗೈಲಿ ಒಳಗೆ ಹೋಗುವ ಪೆನ್ನಲ್ಲ ಅದು. ರಿಲೀಸ್ ಬೇರಿಂಗನ್ನು ಹೊಡೆದು, “ಹಳೇದೇ ಗಟ್ಟಿಯಾಗಿದೆ” ಎಂದರು. ಎರಡು ತಿಂಗಳಿಗೆ ಬೇರಿಂಗು ಊಳಿಡಲು ಹತ್ತಿತು. ಆ ಪುಟ್ಟ ಬೇರಿಂಗಿಗಾಗಿ ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕಾಗಿ ಬಂದು, ಪೂರ್ತಿ ಲೇಬರನ್ನು ಎದುರುಮನೆಯವರು ಇನ್ನೊಂದು ಸಲ ತೆತ್ತರು. ಅಂದಿನಿಂದ ಅವರು ರಾಯರನ್ನು ಕಂಡರೆ ಮೆಟ್ರೊದಲ್ಲಿ ಹೋಗುತ್ತಿದ್ದೇನೆ ಎನ್ನುತ್ತಾರೆ. ರಾಯರ ವಿವರಣೆಯೇ ಬೇರೆ: “ಅವನು ಕ್ಲಚ್ ಮೇಲೆ ಕಾಲಿಟ್ಕೊಂಡೇ ಸಿಲ್ಕ್ ಬೋರ್ಡ್ ದಾಟ್ತಾನೆ. ಬೇರಿಂಗ್ ಏನು ಮಾಡತ್ತೆ?” ಇದರಲ್ಲೂ ಅರ್ಧ ನಿಜವಿದೆ, ಹಾಳಾದ್ದು.

2025ರ ಸೆಪ್ಟೆಂಬರಿನಲ್ಲಿ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ರಾಯರು ಪೇಪರಿನ ತುಣುಕು ಕತ್ತರಿಸಿಕೊಂಡು ಹೋಗಿ ಮೇಸ್ತ್ರಿಯ ಮುಂದೆ ಹಿಡಿದರು.

“ನಾನು ಜಿಎಸ್‌ಟಿ ಬಿಲ್ಲೇ ಕೊಡಲ್ವಲ್ಲ ಸಾರ್.”

“ಹಾಗಾದ್ರೆ ಹದಿನೆಂಟೂ ಕಮ್ಮಿ ಮಾಡು!”

ರಾಯರ ಇನ್ನೊಂದು ಆಯುಧ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಗುಲಾಬಿ ನೇಲ್ ಪಾಲಿಶ್ ಸೀಸೆ. ಕಾರು ಬಿಡುವ ಮೊದಲು ಗೇರ್‌ಬಾಕ್ಸಿನ ಬೋಲ್ಟೊಂದರ ತಲೆಯಿಂದ ಪಕ್ಕದ ಲೋಹದ ಮೇಲೆ ಹಾಯುವಂತೆ ಸಣ್ಣ ಗೆರೆ ಎಳೆಸುತ್ತಾರೆ. ಸಂಜೆ ಬಂದಾಗ ಗೆರೆ ಮುರಿದಿರದಿದ್ದರೆ ಗೇರ್‌ಬಾಕ್ಸ್ ಇಳಿಸಿದ್ದು ಸುಳ್ಳು. ಬಿಚ್ಚಿದ ಮೇಲೆ ಹಳೇ ಪ್ಲೇಟುಗಳ ಒಳ ಅಂಚಿಗೂ ಒಂದು ಚುಕ್ಕೆ. ಯಾರದೋ ಸವೆದ ಪ್ಲೇಟು ತೋರಿಸಿ ಇದೇ ನಿಮ್ಮದು ಅನ್ನಬಾರದಲ್ಲ. ಹಳೇ ಸಾಮಾನನ್ನು ಕೈಗೆ ಪಡೆಯದೆ ದುಡ್ಡು ಎಣಿಸಲು ಬಿಡುವುದಿಲ್ಲ. ಪಡೆದದ್ದನ್ನು ಕಾರಿನವರು ಯಾರೂ ಒಯ್ಯುವುದಿಲ್ಲವಾದ್ದರಿಂದ ಅದೆಲ್ಲ ರಾಯರ ವೆರಾಂಡಕ್ಕೆ ಬರುತ್ತದೆ. ತುಳಸಿ ಕುಂಡದ ಕೆಳಗೊಂದು ಪ್ರೆಷರ್ ಪ್ಲೇಟು, ಬಾಗಿಲು ಬಡಿಯದಂತೆ ಒಂದು, ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೊಂದು. ರಾಯರ ಮನೆಯವರು ಬಹಳ ತಾಳ್ಮೆಯ ಹೆಂಗಸು. ರಾಯರು ಮಧ್ಯಾಹ್ನ ಮಲಗಿದ್ದಾಗ ಗುಜರಿಯವನು ಕೂಗಿಕೊಂಡು ಬಂದರೆ ಎರಡೆರಡು ಪ್ಲೇಟು ಹಾಕಿ ಕಳಿಸುತ್ತಾರೆ.

ಮೊನ್ನೆ ಮೂಲೆಮನೆಯ ಹಳೇ ಎಸ್ಟೀಮಿಗೆ ಕ್ಲಚ್ ಕೆಲಸ ಬಂತು. ಹೊಸದಕ್ಕೆ ಕಾಯುವ ವ್ಯವಧಾನ ಯಜಮಾನರಿಗಿರಲಿಲ್ಲ. ಮೇಸ್ತ್ರಿ ಗುಜರಿ ಸಾಲಿನಿಂದ ರೀಕಂಡೀಷನ್ ಮಾಡಿದ ಪ್ರೆಷರ್ ಪ್ಲೇಟೊಂದನ್ನು ತರಿಸಿದ. ಹೊಳೆಯುವಂತೆ ಒರೆಸಿತ್ತು. ರಾಯರು ಕೈಗೆತ್ತಿಕೊಂಡು ತೂಗಿ ನೋಡಿ, “ಮಾಲು ಅಂದ್ರೆ ಇದು” ಎಂದು ತಲೆದೂಗಿ, ತಿರುಗಿಸಿದರು. ಒಳ ಅಂಚಿನಲ್ಲಿ ಗುಲಾಬಿ ಚುಕ್ಕೆ.

ಮೇಸ್ತ್ರಿಯೂ ನೋಡಿದ, ಹುಡುಗನೂ ನೋಡಿದ. ಯಾರೂ ಏನೂ ಅನ್ನಲಿಲ್ಲ.

“ಎಷ್ಟು?” ರಾಯರು ಗಂಟಲು ಸರಿಮಾಡಿಕೊಂಡರು.

“ಎರಡು ಸಾವಿರ ಸಾರ್.”

ಸಾವಿರದ ಇನ್ನೂರಕ್ಕೆ ಇಳಿಸಿದರು.