ಮಾಳಿಗೆಯ ಹಾಡು, ನಂಬರ್ ಒನ್ನು

ಹೊಸಕೆರೆಹಳ್ಳಿಯಲ್ಲಿ ಮೇಲಂತಸ್ತಿನ ಬಾಡಿಗೆ ಮನೆ ಅಂದರೆ ಗಾಳಿ, ಬೆಳಕು, ಮಳೆ ಮೂರೂ ಧಾರಾಳ. ಮೊನ್ನೆ ಟೀವಿ ಪಕ್ಕ ಬಕೆಟ್ಟಿಟ್ಟು ಓನರಿಗೆ ಫೋನು ಮಾಡಿದರೆ, ‘ಮಳೆ ನಿಲ್ಲಲಿ, ನೋಡೋಣ ಸಾರ್’ ಅಂದರು. ನಿಂತ ಮೇಲೆ ನೋಡೋದಕ್ಕೇನಿರುತ್ತೆ? ಅದೇ ಹೊತ್ತಿಗೆ ಎದುರು ಮನೆ ಹುಡುಗ ಗಿಟಾರು ಹಿಡಿದು ‘ಸೋರುತಿಹುದು ಮನಿಯ ಮಾಳಿಗಿ’ ಶುರು ಹಚ್ಚಿಕೊಂಡ. ಬಾಲ್ಕನಿಗೆ ಬಂದು ಗದರಿದೆ. ‘ಅಣಕಿಸ್ತಿಲ್ಲ ಅಂಕಲ್, ರಘು ದೀಕ್ಷಿತ್ ಹಾಡಿದ್ದು. ಇಂಗ್ಲೆಂಡಲ್ಲಿ ನಂಬರ್ ಒನ್ ಆಗಿತ್ತು!’ ಅಂದ.

ಯಾವ ಪಟ್ಟಿಯಲ್ಲಿ ನಂಬರ್ ಒನ್ ಅನ್ನೋದನ್ನು ಹುಡುಗರು ಜಾಣತನದಿಂದ ನುಂಗಿಬಿಡುತ್ತಾರೆ. 2008ರಲ್ಲಿ ಬಂದ ರಘು ದೀಕ್ಷಿತರ ಆಲ್ಬಮ್ಮಿನಲ್ಲಿ ಸಂತಕವಿ ಶಿಶುನಾಳ ಷರೀಫರ ಈ ಹಾಡೂ ಇದೆ, ಅವರದೇ ‘ಗುಡುಗುಡಿಯ ಸೇದಿ ನೋಡೋ’ ಕೂಡ ಇದೆ. 2010ರಲ್ಲಿ ದೀಕ್ಷಿತರ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ದೇ ತಡ, ಆಲ್ಬಮ್ಮು ಬ್ರಿಟನ್ನಿನ ಐಟ್ಯೂನ್ಸಿನ ‘ವರ್ಲ್ಡ್ ಮ್ಯೂಸಿಕ್’ ಪಟ್ಟಿಯ ನೆತ್ತಿಗೇರಿತು. ವರ್ಲ್ಡ್ ಅಂದರೆ ಅವರ ಲೆಕ್ಕದಲ್ಲಿ ತಮ್ಮನ್ನು ಬಿಟ್ಟು ಉಳಿದ ಭೂಮಂಡಲ. ನಮ್ಮ ದರ್ಶಿನಿಯ ‘ಚೈನೀಸ್’ ಕೌಂಟರಿನಲ್ಲಿ ಗೋಬಿ ಮಂಚೂರಿ ಸಿಗುವ ಹಾಗೆ. ಅಸಲಿ ಪಾಪ್ ಪಟ್ಟಿಯೇ ಬೇರೆ, ಅದರ ಗತ್ತೇ ಬೇರೆ.

ಹಾಗಂತ ಹಗುರವಾಗಿ ಮಾತಾಡೋ ಯೋಗ್ಯತೆ ನನಗಿಲ್ಲ. ಶಾಲೆಯಲ್ಲಿ ನನ್ನ ಹೆಸರು ಹುಡುಕೋರು ಪಟ್ಟಿಯನ್ನು ಕೆಳಗಿನಿಂದಲೇ ಓದುತ್ತಿದ್ದರು. ಮೈಸೂರಿನಲ್ಲಿ ಬೆಳೆದ ಈ ದೀಕ್ಷಿತರಾದರೋ ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದು, ಭರತನಾಟ್ಯವನ್ನೂ ಕಲಿತು, ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಬಿಳಿಯರ ಮುಂದೆ ಕುಣಿದವರು.  ನಮ್ಮ ಹಳ್ಳಿಪದಕ್ಕೆ ಡ್ರಮ್ಮು ಸೇರಿಸಿದ ಅವರ ಹಾಡಿಗೆ ಫೋಕ್ ರಾಕ್ ಅಂತ ಹೆಸರು ಬಿತ್ತು. ಸಿ. ಅಶ್ವತ್ಥರ ಎದೆತುಂಬಿದ ದನಿಯಲ್ಲಿ ಷರೀಫರನ್ನು ಕೇಳಿ ಬೆಳೆದ ನನ್ನ ಕಿವಿಗೆ ಆ ಡ್ರಮ್ಮು ಇವತ್ತಿಗೂ ಒಂದಿಷ್ಟು ಜಾಸ್ತಿಯೇ. ಆದರೂ ಶಿಶುನಾಳದ ಆ ಸಂತನಿಗೆ (1819–1889) ಡ್ರಮ್ಮಿನಿಂದ ತೊಂದರೆಯಾಗುತ್ತಿತ್ತು ಅಂತ ನನಗನ್ನಿಸೋದಿಲ್ಲ. ಗೋವಿಂದಭಟ್ಟರಂಥ ಗುರುವಿನ ಹಿಂದೆ ಊರವರ ಬೈಗುಳಕ್ಕೂ ಜಗ್ಗದೆ ನಡೆದವರು. ಅವರ ಮಾಳಿಗೆ ಸಿಮೆಂಟಿನದೂ ಅಲ್ಲ, ಓನರಿಗೆ ಫೋನು ಮಾಡಿ ರಿಪೇರಿ ಆಗುವಂಥದ್ದೂ ಅಲ್ಲ.

ಇಷ್ಟೆಲ್ಲ ಹುಡುಗನಿಗೆ ಹೇಳೋಣ ಅಂತ ಬಾಯ್ತೆರೆದರೆ, ಅವನು ತಾನೇ ಕಟ್ಟಿದ ಹಾಡೊಂದನ್ನು ಯೂಟ್ಯೂಬಿಗೆ ಏರಿಸಿದ್ದೇನೆ ಅಂದ. ಎಷ್ಟು ಜನ ಕೇಳಿದರಪ್ಪ ಅಂದೆ. ‘ಅಮ್ಮನ ಫೋನಲ್ಲಿ ಹಾಕಿದೀನಿ, ಅಪ್ಪನ ಫೋನಲ್ಲೂ ಹಾಕಿದೀನಿ. ನಿಮ್ಮದೂ ಸ್ವಲ್ಪ ಕೊಡ್ತೀರಾ ಅಂಕಲ್?’