‘ನಿವೃತ್ತಿಯಾದ ಮೇಲೂ ಪೀಣ್ಯದವರು ಬಿಡ್ತಿಲ್ಲ ಸ್ವಾಮಿ!’

ಪೀಣ್ಯ ಎರಡನೇ ಹಂತದ ಒಂದು ಶೆಡ್ಡು. ಹೊರಗೆ ಸಿಎನ್‌ಸಿ ಯಂತ್ರಗಳ ಗಲಾಟೆ, ಕೂಲೆಂಟ್ ಎಣ್ಣೆಯ ವಾಸನೆ. ಗಾಜಿನ ಪಾರ್ಟಿಷನ್ನಿನ ಒಳಗೆ ಎರಡು ಕಂಪ್ಯೂಟರ್. ಹಳೆಯದಕ್ಕೆ ಹೋದ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿದೆ. ಅದರಲ್ಲಿ ಲಿನಕ್ಸಿನ ಉಬುಂಟು 20.04. ಹೊಸದರ ಮುಂದೆ ಒಬ್ಬ ಹುಡುಗ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ; ಅದರಲ್ಲಿ 22.04. ನಮಗೆ ಸಂದರ್ಶನ ಕೊಡಲು ಒಪ್ಪಿದವರು ಹಳೇ ಕಂಪ್ಯೂಟರಿನ ನಿವಾಸಿ ಶ್ರೀಯುತ ಲಿಬ್‌ಎಸ್‌ಎಸ್‌ಎಲ್ 1.1. ನೆಟ್‌ವರ್ಕಿನಲ್ಲಿ ಹೋಗುವ ಗುಟ್ಟಿನ ಮಾತಿಗೆ ಬೀಗ ಹಾಕಿಕೊಡುವ ಓಪನ್‌ಎಸ್‌ಎಸ್‌ಎಲ್ ಮನೆತನದವರು.

ಪ್ರಶ್ನೆ: ನಮಸ್ಕಾರ ಸಾರ್, ವಿಶ್ರಾಂತ ಜೀವನ ಹೇಗಿದೆ?

ಉತ್ತರ: ಎಲ್ಲಿಯ ವಿಶ್ರಾಂತಿ! 1.1.1 ಅಂತ ಡ್ಯೂಟಿಗೆ ಸೇರಿದ್ದು 2018ರ ಸೆಪ್ಟೆಂಬರ್ 11. ಬಿಟ್ಟದ್ದು 2023ರ ಸೆಪ್ಟೆಂಬರ್ 11. ಲೆಕ್ಕ ಹಾಕಿದ ಹಾಗೆ ಐದು ವರ್ಷ. ಹಾರ ಇಲ್ಲ, ಶಾಲು ಇಲ್ಲ, ಹಣ್ಣಿನ ಬುಟ್ಟಿ ಇಲ್ಲ. ಉಬುಂಟು 20.04ರವರು ಮಾತ್ರ ‘ಇರಲಿ ಬಿಡಿ’ ಅಂತ ಇಟ್ಕೊಂಡರು. ಅವರ ಮಾಮೂಲಿ ಸೇವೆಯೂ 2025ರ ಮೇ ತಿಂಗಳಿಗೆ ಮುಗೀತು. ಈಗ ಉಬುಂಟು ಪ್ರೋದಲ್ಲಿ ಹೆಸರು ಬರೆಸಿದವರಿಗೆ ಇನ್ನೂ ಐದು ವರ್ಷ ಎಕ್ಸ್‌ಟೆನ್ಷನ್. ವಿಧಾನಸೌಧದಲ್ಲಿ ಇಂಥ ಎಕ್ಸ್‌ಟೆನ್ಷನ್ ಸಿಕ್ಕವರು ಮೈಸೂರು ಪಾಕ್ ಹಂಚ್ತಾರೆ. ನನಗೆ ಸಿಕ್ಕಿದ್ದು ಬೈಗುಳ.

ಪ್ರಶ್ನೆ: ಬೈಯುವವರು ಯಾರು?

ಉತ್ತರ: ಆ ಹುಡುಗನನ್ನೇ ನೋಡಿ. ಲೇಬಲ್ ಪ್ರಿಂಟರಿನ ಸಾಫ್ಟ್‌ವೇರ್ ಹಾಕಬೇಕು ಅವನಿಗೆ. ಮಾರಿದ ಕಂಪನಿಯವರು ಯಾವತ್ತೋ ಕೊಟ್ಟ ಡೆಬ್ ಎಂಬ ಇನ್‌ಸ್ಟಾಲ್ ಫೈಲು, ಪೆನ್‌ಡ್ರೈವಿನಲ್ಲಿದೆ. ಅದರ ಚೀಟಿಯಲ್ಲಿ ‘ನನಗೆ ಲಿಬ್‌ಎಸ್‌ಎಸ್‌ಎಲ್ 1.1 ಬೇಕು’ ಅಂತ ಬರೆದಿದೆ. 22.04 ಬಂದದ್ದು 2022ರ ಏಪ್ರಿಲ್‌ನಲ್ಲಿ. ಆಗಲೇ ನನ್ನನ್ನು ಪ್ಯಾಕೇಜುಗಳ ಗೋದಾಮಿನಿಂದ ತೆಗೆದು ನನ್ನ ಜಾಗಕ್ಕೆ 3 ಎಂಬ ಹುಡುಗನನ್ನು ಕೂರಿಸಿದರು. (ನಡುವಿನ 2 ಎಲ್ಲಿ ಅಂತೀರಾ? ಆ ನಂಬರನ್ನು ನಮ್ಮ ಮನೆಯ ಫಿಪ್ಸ್ ಮಾಡ್ಯೂಲು ಮೊದಲೇ ಬಳಸಿಕೊಂಡಿತ್ತು. ಗಲಿಬಿಲಿ ಬೇಡ ಅಂತ ದಾಟಿಬಿಟ್ಟರು.) ಹೀಗಾಗಿ ತೆರೆಯ ಮೇಲೆ ಒಂದೇ ಸಾಲು: ‘ಡಿಪೆಂಡ್ಸ್: ಲಿಬ್‌ಎಸ್‌ಎಸ್‌ಎಲ್ 1.1 ಬಟ್ ಇಟ್ ಈಸ್ ನಾಟ್ ಇನ್‌ಸ್ಟಾಲಬಲ್.’ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಓದೋದಿಲ್ಲ. ‘ಏನೋ ಎರರ್ ಬಂತು’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ಕತ್ತರಿಸಿದ ಫೋಟೊ ಕಳಿಸ್ತಾರೆ. ಕತ್ತರಿಸಿ ಹೋದ ಅರ್ಧದಲ್ಲೇ ನನ್ನ ಹೆಸರು ಇರುತ್ತೆ.

ಪ್ರಶ್ನೆ: ಆದರೆ ಆಪ್ಟ್ ಎಂಬ ಮೇಸ್ತ್ರಿಯೇ ‘ಫಿಕ್ಸ್ ಬ್ರೋಕನ್ ಇನ್‌ಸ್ಟಾಲ್’ ಎಂಬ ಮಂತ್ರ ಹೇಳಿಕೊಡ್ತಾರಲ್ಲ?

ಉತ್ತರ: ಅಲ್ಲೇ ಇರೋದು ತಮಾಷೆ. ಇಲ್ಲಿ ಇಬ್ಬರಿದ್ದಾರೆ, ಗಮನಿಸಿ. ಡಿಪಿಕೆಜಿ ಅಂತ ಒಬ್ಬ, ಬರೀ ಕೈ ಕೆಲಸದವನು. ಫೈಲು ಕೊಟ್ಟರೆ ಬಿಚ್ಚಿ ಹರವುತ್ತಾನೆ. ಬೇಕಾದದ್ದು ಇಲ್ಲ ಅಂತ ಗೊತ್ತಾದರೆ ಅರ್ಧಕ್ಕೇ ಬಿಟ್ಟು ಎದ್ದು ಹೋಗ್ತಾನೆ. ಆಪ್ಟ್ ಅವನ ಮೇಲಿನವನು. ಯಾವುದಕ್ಕೆ ಯಾವುದು ಬೇಕು ಅಂತ ಲೆಕ್ಕ ಹಾಕಿ ಗೋದಾಮಿನಿಂದ ತರಿಸುವವನು. ಹುಡುಗ ಸೀದಾ ಡಿಪಿಕೆಜಿ ಕೈಗೆ ಫೈಲು ಕೊಟ್ಟ. ಅರ್ಧ ಹರವಿದ ಸಾಮಾನು ಹಾಲ್‌ನಲ್ಲಿ ಬಿದ್ದಿದೆ. ಈಗ ಬೇರೆ ಏನು ಹಾಕಲು ಹೋದರೂ ಆಪ್ಟ್ ‘ಮೊದಲು ಅದನ್ನು ಸರಿಮಾಡಿ’ ಅಂತಾನೆ. ಸರಿ, ಮಂತ್ರ ಹೊಡೆದ. ಆಪ್ಟ್ ಗೋದಾಮು ಹುಡುಕಿದ, ನಾನು ಸಿಗಲಿಲ್ಲ. ಉಳಿದ ಪರಿಹಾರ ಒಂದೇ: ಲೇಬಲ್ ಸಾಫ್ಟ್‌ವೇರನ್ನೇ ಕಿತ್ತು ಹಾಕೋದು. ‘ತೆಗೆದುಹಾಕಲಾಗುವುದು’ ಅಂತ ಪಟ್ಟಿಯನ್ನೂ ತೋರಿಸಿದ. ಹುಡುಗ ‘ವೈ’ ಒತ್ತಿದ. ಆಮೇಲೆ ‘ಲಿನಕ್ಸ್ ನನ್ನ ಸಾಫ್ಟ್‌ವೇರ್ ನುಂಗಿತು’ ಅಂತ ಓನರ್ ಹತ್ತಿರ ದೂರು.

ಪ್ರಶ್ನೆ: ಆಪ್ಟ್ ಸ್ವಲ್ಪ ದಾಕ್ಷಿಣ್ಯ ತೋರಿಸಬಹುದಿತ್ತು.

ಉತ್ತರ: ಅವನ ಸಹಾಯಪುಟದ ಕೊನೆಗೆ ‘ನನಗೆ ಸೂಪರ್ ಹಸುವಿನ ಶಕ್ತಿ ಇದೆ’ ಅಂತ ಬರೆದಿರುತ್ತೆ. ತಮಾಷೆ ಅಲ್ಲ, ‘ಆಪ್ಟ್ ಮೂ’ ಅಂತ ಟೈಪ್ ಮಾಡಿ, ಹಸುವಿನ ಚಿತ್ರ ಬರುತ್ತೆ. ಪುಣ್ಯಕೋಟಿ ವಂಶ ಸ್ವಾಮಿ, ಸುಳ್ಳು ಹೇಳೋದಿಲ್ಲ. ಸಾಕ್ಷಿ ಬೇಕೇ? 2021ರ ನವೆಂಬರ್‌ನಲ್ಲಿ ಕೆನಡಾದ ಯೂಟ್ಯೂಬ್ ಚಾನೆಲ್ಲಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಇನ್ನೊಂದು ಲಿನಕ್ಸಿನಲ್ಲಿ ಆಟ ಆಡುವ ಸ್ಟೀಮ್ ಹಾಕಲು ಹೋದರು. ಪ್ಯಾಕೇಜಿನಲ್ಲೇ ದೋಷ ಇತ್ತು, ಒಪ್ಪೋಣ. ಆದರೂ ಆಪ್ಟ್ ‘ಡೆಸ್ಕ್‌ಟಾಪೇ ಹೋಗುತ್ತೆ, ಹಾಳಾಗಬಹುದು’ ಅಂತ ಎಚ್ಚರಿಸಿ, ‘ಯಸ್, ಡು ಆ್ಯಸ್ ಐ ಸೇ’ ಅಂತ ಪೂರ್ತಿ ವಾಕ್ಯ ಟೈಪ್ ಮಾಡಿದರೆ ಮಾತ್ರ ಅಂತ ಹಟ ಹಿಡಿದ. ಅವರು ಟೈಪ್ ಮಾಡಿದರು. ಡೆಸ್ಕ್‌ಟಾಪ್ ಹೋಯ್ತು. ಲಕ್ಷಾಂತರ ಜನ ನೋಡಿದರು.

ಪ್ರಶ್ನೆ: ನಮ್ಮ ಹುಡುಗ ಆಮೇಲೆ ಏನು ಮಾಡಿದ?

ಉತ್ತರ: ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡೋ ಅವನ ಭಾವನಿಗೆ ಫೋನ್ ಮಾಡಿದ. ಭಾವ ಮೀಟಿಂಗ್‌ನಲ್ಲಿದ್ದ, ಮ್ಯೂಟ್ ಮಾಡಿಕೊಂಡೇ ಒಂದು ಉಪಾಯ ಹೇಳಿದ. ಏನು ಗೊತ್ತಾ? ಲಿಬ್‌ಎಸ್‌ಎಸ್‌ಎಲ್ 3ಕ್ಕೆ ನನ್ನ ಹೆಸರಿನ ಒಂದು ಸಿಮ್‌ಲಿಂಕ್. ನನ್ನ ನೇಮ್‌ಪ್ಲೇಟನ್ನು ಅವನ ಬಾಗಿಲಿಗೆ ಹೊಡೆದ ಹಾಗಾಯ್ತು! ಮತ್ತೆ ಹಾಕಿದ ಸಾಫ್ಟ್‌ವೇರ್ ಬಾಗಿಲು ತಟ್ಟಿ, ‘ಓಪನ್‌ಎಸ್‌ಎಸ್‌ಎಲ್ 1.1.0ರ ಗುರುತು ತೋರಿಸಿ’ ಅಂತ ಕೇಳ್ತು. ನನ್ನ ಪ್ರತಿ ಫಂಕ್ಷನ್ನಿನ ಮೇಲೂ ಆವೃತ್ತಿಯ ಮುದ್ರೆ ಇರುತ್ತೆ. 3ರ ಹತ್ತಿರ ಎಲ್ಲಿಂದ ಬರಬೇಕು? ‘ನಾಟ್ ಫೌಂಡ್.’ ಆಮೇಲೆ ಭಾವನ ಎರಡನೇ ಉಪಾಯ: 20.04ರ ಗೋದಾಮಿನ ವಿಳಾಸವನ್ನು 22.04ರ ಸೋರ್ಸಸ್ ಪಟ್ಟಿಗೆ ಸೇರಿಸೋದು. ಎರಡು ಸಂಸಾರ ಒಂದು ಅಡುಗೆಮನೆ. ಇವತ್ತು ಕೆಲಸ ಆಗಬಹುದು, ಮುಂದಿನ ಅಪ್‌ಗ್ರೇಡ್ ದಿನ ಗೊತ್ತಾಗುತ್ತೆ.

ಪ್ರಶ್ನೆ: ಹಾಗಾದರೆ ತಪ್ಪು ಯಾರದು?

ಉತ್ತರ: ಪೀಣ್ಯ ಮೇಲ್ಸೇತುವೆ ಗೊತ್ತಲ್ಲ? ಮೇಲೆ ಡಾಂಬರು ಚೆನ್ನಾಗೇ ಇತ್ತು. ಒಳಗಿನ ಕೇಬಲ್ ಹಾಳಾಗಿ 2021ರ ಡಿಸೆಂಬರ್‌ನಲ್ಲಿ ಸಂಚಾರ ನಿಲ್ಲಿಸಿದರು. ಲಾರಿಗಳು ಮತ್ತೆ ಹತ್ತಿದ್ದು 2024ರ ಜುಲೈನಲ್ಲಿ. ನಾವೂ ಹಾಗೇ, ಒಳಗಿನ ಕೇಬಲ್ಲು. ಯಾರ ಕಣ್ಣಿಗೂ ಬೀಳಲ್ಲ, ಯಾರ ಬಜೆಟ್ಟಿನಲ್ಲೂ ಇಲ್ಲ. ನಮ್ಮಣ್ಣ 1.0.1ಗೆ 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ರೋಗ ಅಂತ ಗೊತ್ತಾಯ್ತು. ಸರ್ವರಿನ ನೆನಪಿನಲ್ಲಿದ್ದ ಪಾಸ್‌ವರ್ಡು, ಬೀಗದ ಕೈ ಎಲ್ಲ ಸೋರುತ್ತಿತ್ತು. ಆಗ ವಿಚಾರಿಸಿದರೆ, ಅರ್ಧ ಜಗತ್ತು ನಂಬಿಕೊಂಡಿದ್ದ ನಮ್ಮ ಮನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ತಿ ಹೊತ್ತು ದುಡಿಯುತ್ತಿದ್ದವರು ಒಬ್ಬರೇ. ಆ ಹಣದಲ್ಲಿ ವೈಟ್‌ಫೀಲ್ಡ್‌ನಲ್ಲಿ ಒಂದು ಒಳ್ಳೇ ಫ್ಲ್ಯಾಟಿನ ಅಡ್ವಾನ್ಸ್ ಕೊಡೋಕೂ ಕಷ್ಟ.

ಪ್ರಶ್ನೆ: ಬೆಂಗಳೂರಿನಲ್ಲಿ ಇಷ್ಟೊಂದು ಎಂಜಿನಿಯರುಗಳಿದ್ದಾರಲ್ಲ, ಒಬ್ಬರೂ ಗಮನಿಸೋದಿಲ್ಲವೇ?

ಉತ್ತರ: ಗಮನಿಸ್ತಾರೆ. ಹೊಸ ಫೀಚರ್ ಮಾಡಿದವನಿಗೆ ಅಪ್ರೈಸಲ್. ಹಳೇ ಪ್ಯಾಕೇಜನ್ನು ಹೊಸ ಲೈಬ್ರರಿಗೆ ಹೊಂದಿಸಿ ಮತ್ತೆ ಕಟ್ಟಿಕೊಟ್ಟವನಿಗೆ ‘ಥ್ಯಾಂಕ್ಸ್ ಬ್ರೋ’. ರೋಗ ಇಲ್ಲಿದೆ. ಮೊಂಗೋಡಿಬಿಯನ್ನೇ ನೋಡಿ. 22.04 ಬಂದ ಹೊಸದರಲ್ಲಿ ಅದನ್ನು ಹಾಕಲು ಹೋದವರಿಗೆಲ್ಲ ತೆರೆಯ ಮೇಲೆ ನನ್ನದೇ ದರ್ಶನ. ಆಮೇಲೆ ಅವರು 22.04ಕ್ಕೆಂದೇ ಹೊಸದಾಗಿ ಕಟ್ಟಿದರು. ನನ್ನ ಹೆಸರು ಚೀಟಿಯಿಂದ ಹೋಯ್ತು, ಕಥೆ ಮುಗೀತು. ಲೇಬಲ್ ಕಂಪನಿಯವರಿಗೂ ಅಷ್ಟೇ ಕೆಲಸ. ಆದರೆ ಆ ಹುಡುಗ ಅವರಿಗೆ ಒಂದು ಇಮೇಲ್ ಹಾಕಿಲ್ಲ, ವಾರ್ಷಿಕ ನಿರ್ವಹಣೆ ಶುಲ್ಕ ಮಾತ್ರ ಓನರ್ ತಪ್ಪದೆ ಕಟ್ತಾರೆ.

ಪ್ರಶ್ನೆ: ಅವರು ಮಾಡಿಕೊಡದಿದ್ದರೆ?

ಉತ್ತರ: ಹಳೇ ಸಾಫ್ಟ್‌ವೇರನ್ನೂ ನನ್ನನ್ನೂ ಸೇರಿಸಿ ಕಂಟೇನರ್‌ನಲ್ಲಿ ಇಡಿ. ಮೊದಲು ಆ ಮಾತು ಕೇಳಿ, ವೈಟ್‌ಫೀಲ್ಡ್ ಡಿಪೋದ ಕಬ್ಬಿಣದ ಡಬ್ಬಕ್ಕೆ ಹಾಕ್ತಾರೇನೋ ಅಂತ ಹೆದರಿದ್ದೆ. ಹಾಗಲ್ಲ. 20.04ರ ಒಂದು ಪುಟ್ಟ ಕೋಣೆ, ಉಳಿದ ಮನೆಗೆ ತೊಂದರೆ ಇಲ್ಲ. ಆದರೆ ಆ ಕೋಣೆಗೆ ಹೊರಗಿನ ಇಂಟರ್ನೆಟ್ ಬಿಡಬೇಡಿ. ನಾನು ಬೀಗ ಹಾಕುವವನೇ ಇರಬಹುದು, 20.04ರಲ್ಲಿ ಈಗ ನನ್ನ ಬೀಗ ಯಾರೂ ರಿಪೇರಿ ಮಾಡ್ತಿಲ್ಲ, ಪ್ರೋದವರು ಬಿಟ್ಟು.

ಪ್ರಶ್ನೆ: ನಿಮ್ಮ ಜಾಗಕ್ಕೆ ಬಂದ ಹುಡುಗನ ಬಗ್ಗೆ ಒಂದು ಮಾತು?

ಉತ್ತರ: ಒಳ್ಳೆಯವನು. 24.04ಕ್ಕೆ ಹೋಗುವಾಗ ಸಂಖ್ಯಾಶಾಸ್ತ್ರದವರ ಹತ್ತಿರ ಹೋಗಿ ಬಂದವನ ಹಾಗೆ ಹೆಸರು ಬದಲಿಸಿಕೊಂಡ: ಲಿಬ್‌ಎಸ್‌ಎಸ್‌ಎಲ್ 3ಟಿ64. ಕಾರಣ ಇದೆ, ಬಿಡಿ. 32 ಬಿಟ್ ಯಂತ್ರಗಳ ಗಡಿಯಾರ 2038ರ ಜನವರಿ 19ಕ್ಕೆ ಉಕ್ಕಿ ಹೋಗುತ್ತೆ, ಅದಕ್ಕೆ ಮುಂಚಿತ ತಯಾರಿ. ಈ ಶೆಡ್ಡಿನಲ್ಲಿರುವಂಥ 64 ಬಿಟ್ ಕಂಪ್ಯೂಟರಿಗೆ ಹೆಸರು ಬಿಟ್ಟರೆ ಬೇರೇನೂ ಬದಲಾಗಿಲ್ಲ. ಆದರೂ ಹಳೇ ಹೆಸರಲ್ಲಿ ಹುಡುಕಿ ‘ಎಲ್ಲಿ ಹೋದ’ ಅಂತ ಕೇಳುವವರು ಇದ್ದೇ ಇರ್ತಾರೆ.

ಪ್ರಶ್ನೆ: ಓದುಗರಿಗೆ ಏನು ಹೇಳ್ತೀರಿ?

ಉತ್ತರ: ‘ವೈ’ ಒತ್ತುವ ಮೊದಲು ತೆಗೆದುಹಾಕುವ ಪಟ್ಟಿ ಓದಿ ಅಂತ ಹೇಳಿ. ಇನ್ನೊಂದು, ನಿಮ್ಮ ಓನರ್‌ಗೆ ಈಗಲೇ ತಿಳಿಸಿಬಿಡಿ: ಆ ಹುಡುಗ 3.0ಗೂ ಓಪನ್‌ಎಸ್‌ಎಸ್‌ಎಲ್ ಮನೆಯವರು ನಿವೃತ್ತಿ ದಿನ ಗೊತ್ತುಮಾಡಿ ಆಗಿದೆ. 2026ರ ಸೆಪ್ಟೆಂಬರ್ 7.