ಟ್ರ್ಯಾಕಿಂಗ್ ರಾಯರು

"ಝಾನ್ಸಿ ದಾಟಿತು ಕಣ್ರೀ!"

ಬೆಳಗ್ಗೆ ಆರೂವರೆಗೆ ಹಾಲಿನ ಪ್ಯಾಕೆಟ್ಟಿಗೆಂದು ಗೇಟು ತೆಗೆದರೆ ಎದುರುಮನೆ ರಾಯರಿಂದ ಬರುವ ಮೊದಲ ವಾರ್ತೆ ಇದು. ಶುರುವಿನಲ್ಲಿ ನಾನು, ಮಗಳೋ ಅಳಿಯನೋ ದೆಹಲಿಯಿಂದ ಹೊರಟಿರಬೇಕು ಅಂದುಕೊಂಡು, "ದಾರೀಲಿ ಊಟ ತಿಂಡಿಗೆ ತೊಂದರೆ ಇಲ್ಲ ತಾನೆ?" ಎಂದು ಕೇಳಿಬಿಟ್ಟಿದ್ದೆ. ರಾಯರು ನನ್ನನ್ನು ಕನಿಕರದಿಂದ ನೋಡಿದರು. "ಕಿಕ್ ಸ್ಪ್ರಿಂಗಿಗೆ ಎಂಥಾ ತಿಂಡಿ ಸ್ವಾಮಿ?"

ಮರುದಿನ ನಾಗಪುರ. ಅದರ ಮರುದಿನ ಹೈದರಾಬಾದು. ಆಮೇಲೆ ಕರ್ನೂಲು, ಅನಂತಪುರ. ಮೈಸೂರು ಬಿಟ್ಟು ಹೊರಗೆ ಹೋಗದ ರಾಯರಿಗೆ ಉತ್ತರದಿಂದ ದಕ್ಷಿಣಕ್ಕೆ ಬರುವ ಹೆದ್ದಾರಿಯ ಊರುಗಳೆಲ್ಲ ಈಗ ಕಂಠಪಾಠ. ಆದರೆ ಯಾವ ಪಾರ್ಸೆಲ್ಲೇ ಆಗಲಿ, ಎರಡು ಸಾವಿರ ಕಿಲೋಮೀಟರು ಓಡಿ ಬಂದು ಹೊಸಕೋಟೆ ಗೋದಾಮಿನಲ್ಲಿ ಮೂರು ದಿನ ಕುಕ್ಕರುಬಡಿಯುತ್ತದೆ. "ಅಲ್ಲೇನು ಮಾಡುತ್ತೆ?" ಎಂದು ನಾನು ಕೇಳಿದರೆ ರಾಯರು ನಿಟ್ಟುಸಿರು ಬಿಡುತ್ತಾರೆ: "ಅಲ್ಲಿನ ಪ್ರಸಿದ್ಧ ಬಿರಿಯಾನಿ ಕ್ಯೂನಲ್ಲಿ ನಿಂತಿರಬೇಕು."

ಇಂಥ ರಾಯರು ಬೀದಿಗೊಬ್ಬರಿದ್ದಾರೆ. ಒಬ್ಬರದು ಹಳೇ ಮಿಕ್ಸಿಯ ಜಾರು, ಇನ್ನೊಬ್ಬರದು ಲ್ಯಾಪ್‌ಟಾಪಿನ ಬ್ಯಾಟರಿ, ಮತ್ತೊಬ್ಬರದು ನೀರು ಸೋಸುವ ಯಂತ್ರದ ಕ್ಯಾಂಡಲ್ಲು. ನಮ್ಮ ರಾಯರದು ಯೆಜ್ಡಿ ರೋಡ್‌ಕಿಂಗ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. 1961ರಿಂದ 1996ರವರೆಗೆ ಆ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಮೈಸೂರಿನ ಮರ್ಯಾದೆಯನ್ನೂ ನೀಲಿ ಹೊಗೆಯನ್ನೂ ದೇಶಕ್ಕೆಲ್ಲ ಹಂಚಿತು. ಆ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರೇ ಗೇರು ಹಾಕುವ ಲಿವರು. ರಾಯರೂ ಹಾಗೇ: ಆನ್‌ಲೈನ್ ವ್ಯಾಪಾರವನ್ನು ಹೊಗಳುವುದೂ ಬಯ್ಯುವುದೂ ಒಂದೇ ಬಾಯಲ್ಲಿ, ಕೆಲವೊಮ್ಮೆ ಒಂದೇ ವಾಕ್ಯದಲ್ಲಿ.

ಗಾಡಿಯ ತವರು ರಾಯರ ಮನೆಯಿಂದ ಕೂಗಳತೆ ದೂರ. ಬಿಡಿಭಾಗ ಮಾತ್ರ ದೆಹಲಿಯ ಕರೋಲ್ ಬಾಗಿನಿಂದ ಬರಬೇಕು. "ಮನೆ ಮಗಳಿಗೆ ಮದ್ದು ಪರದೇಶದ್ದು" ಎಂದು ಅವರ ಶ್ರೀಮತಿ ಒಗ್ಗರಣೆ ಹಾಕುತ್ತಲೇ ಹೇಳುತ್ತಾರೆ.

ರಾಯರಿಗೆ ಖರ್ಚಿನ ಬಗ್ಗೆ ಬೇಸರವಿಲ್ಲ. ಗಾಡಿಗೆ ಸುರಿದ ದುಡ್ಡಿನಲ್ಲಿ ಇಷ್ಟು ಹೊತ್ತಿಗೆ ಎರಡು ಗಾಡಿ ಬರುತ್ತಿತ್ತು. ಅವರ ಮೈ ಉರಿಯುವುದು 'ಸಾಗಣೆ ಶುಲ್ಕ' ಎಂಬ ಎರಡು ಪದ ಕಂಡಾಗ. ಒಮ್ಮೆ ಪಾಯಿಂಟ್ ಸೆಟ್ಟು ಬೇಕಾಗಿತ್ತು. ಒಬ್ಬ ಮಾರಾಟಗಾರ ಸಾಮಾನಿಗೆ 140, ಸಾಗಣೆಗೆ 80 ಎಂದು ಬರೆದಿದ್ದ. ಇನ್ನೊಬ್ಬ 249, ಸಾಗಣೆ ಉಚಿತ ಎಂದಿದ್ದ. ರಾಯರು ಕಣ್ಣು ಮಿಟುಕಿಸದೆ 249ರದ್ದು ಒತ್ತಿದರು.

"ಇಪ್ಪತ್ತೊಂಬತ್ತು ರೂಪಾಯಿ ಜಾಸ್ತಿ ಆಯ್ತಲ್ಲ ರಾಯರೇ?"

"ಅದು ಬೆಲೆ ಕಣ್ರೀ. ಎಂಬತ್ತು ರೂಪಾಯಿ ದಂಡ. ಬೆಲೆ ಎಷ್ಟಾದರೂ ಕೊಡಬಹುದು, ದಂಡ ಯಾಕೆ ಕಟ್ಟಬೇಕು?"

ಈ ತರ್ಕಕ್ಕೆ ಉತ್ತರ ಕೊಡಬಲ್ಲ ಅರ್ಥಶಾಸ್ತ್ರಿಯನ್ನು ನಾನಿನ್ನೂ ಕಂಡಿಲ್ಲ.

ಇದಕ್ಕಿಂತ ದೊಡ್ಡ ಬಲೆ, '499 ಮುಟ್ಟಿದರೆ ಸಾಗಣೆ ಉಚಿತ' ಎನ್ನುವುದು. 310 ರೂಪಾಯಿಯ ಕ್ಲಚ್ ಕೇಬಲ್ಲಿಗೆ 60 ರೂಪಾಯಿ ಸಾಗಣೆ ಉಳಿಸಲು ರಾಯರು ಇನ್ನೂ 189 ರೂಪಾಯಿಯ ಏನಾದರೂ ಬೇಕೆಂದು ರಾತ್ರಿ ಹನ್ನೊಂದರವರೆಗೆ ಹುಡುಕುತ್ತಾರೆ. ಹೀಗೆ ಅವರ ಮನೆ ಸೇರಿದ ವಸ್ತುಗಳು: ಮೂರು ತೆಂಗಿನಕಾಯಿ ತುರಿಮಣೆ, ಕತ್ತಲಲ್ಲಿ ಹೊಳೆಯುವ ಕೀ ಚೈನು, ಬಾಳೆಹಣ್ಣು ಹೋಳು ಮಾಡುವ ಯಂತ್ರ, ನಾಯಿಯ ಕೊರಳಪಟ್ಟಿ. ರಾಯರ ಮನೆಯಲ್ಲಿ ನಾಯಿ ಇಲ್ಲ. "ಮುಂದೆ ಸಾಕಿದರೆ ಆಗ ಸಾಗಣೆ ಕೊಡೋ ಹಾಗಿಲ್ಲವಲ್ಲ" ಎಂಬುದು ಅವರ ದೂರದೃಷ್ಟಿ.

ಅವರನ್ನು ನಿಜವಾಗಿ ಕಂಗೆಡಿಸಿದ್ದು ಸೈಲೆನ್ಸರು. ರೋಡ್‌ಕಿಂಗಿಗೆ ಸೈಲೆನ್ಸರು ಎರಡು, ಎಡಕ್ಕೊಂದು ಬಲಕ್ಕೊಂದು. ಎಡಗಡೆಯದು ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಲೂಧಿಯಾನದವನೊಬ್ಬ ಸಿಕ್ಕಿದ, ಬೆಲೆಯೂ ಕುದುರಿತು. ಕೊರಿಯರಿನವನು ಮಾತ್ರ ಹತ್ತು ಕಿಲೋ ಬಾಡಿಗೆ ಕೇಳಿದ. ರಾಯರು ತೂಕ ಹಾಕಿಸಿ ಫೋಟೋ ತರಿಸಿದರು, ಮೂರು ಕಿಲೋ ಇತ್ತು. ಇನ್ನೇನು ಗ್ರಾಹಕ ನ್ಯಾಯಾಲಯಕ್ಕೆ ಹೊರಡಬೇಕು, ಅಷ್ಟರಲ್ಲಿ ಬೆಂಗಳೂರಿನಿಂದ ಬಂದ ಮೊಮ್ಮಗ ಗುಟ್ಟು ಒಡೆದ. "ತಾತ, ಅವರು ತೂಗೋದು ಸಾಮಾನನ್ನಲ್ಲ, ಡಬ್ಬಾನ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಐದು ಸಾವಿರದಿಂದ ಭಾಗಿಸ್ತಾರೆ. ಅದು ಜಾಸ್ತಿ ಬಂದ್ರೆ ಅದೇ ತೂಕ." ಡಬ್ಬದ ಉದ್ದ 120, ಅಗಲ ಎತ್ತರ ಇಪ್ಪತ್ತಿಪ್ಪತ್ತು. ರಾಯರು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಗುಣಿಸಿ ಭಾಗಿಸಿದರು. 9.6 ಕಿಲೋ ಬಂತು.

"ಅಂದರೆ ಆರೂವರೆ ಕಿಲೋ ಗಾಳಿಗೆ ನಾನು ಬಾಡಿಗೆ ಕೊಡಬೇಕೇ? ಲೂಧಿಯಾನದ ಗಾಳಿ ನನಗೆ ಯಾಕೆ? ಚಾಮುಂಡಿ ಬೆಟ್ಟದ ಗಾಳಿ ಪುಕ್ಕಟೆ ಸಿಗುತ್ತೆ!"

ಅಂದಿನಿಂದ ಅವರ ಜೇಬಿನಲ್ಲಿ ಟೇಪು ಸದಾ ಇರುತ್ತದೆ. ಯಾರ ಮನೆಗೆ ಯಾವ ಡಬ್ಬ ಬಂದರೂ ಅಳೆದು, ಐದು ಸಾವಿರದಿಂದ ಭಾಗಿಸಿ, "ನಿಮಗೂ ಎರಡು ಕಿಲೋ ಗಾಳಿ ಬಂದಿದೆ" ಎಂದು ಹೇಳಿ ಹೋಗುತ್ತಾರೆ. ಮೊನ್ನೆ ಪಕ್ಕದ ಮನೆಯವರು ಬಾಗಿನದ ಮೊರ ಕೊಟ್ಟಾಗಲೂ ಅದರ ಅಗಲದ ಮೇಲೆ ಅವರ ಕಣ್ಣಿತ್ತು.

ಸಾಗಣೆಯದ್ದು ಅರ್ಧ ಕಥೆ. ಉಳಿದರ್ಧ, ಮಾರುವವನು ನಂಬಿಕಸ್ಥನೋ ಅಲ್ಲವೋ ಎಂಬ ಶೋಧನೆ. ಮಗಳ ಮದುವೆಗೆ ರಾಯರು ಒಂದು ಜಾತಕ, ಎರಡು ಫೋನ್ ಕರೆಯಲ್ಲಿ ಒಪ್ಪಿಕೊಂಡಿದ್ದರು. ಕಾರ್ಬುರೇಟರ್ ಜೆಟ್ಟು ಮಾರುವವನಿಗೆ ಅಷ್ಟು ಸುಲಭವಾಗಿ ಒಪ್ಪಿಗೆ ಸಿಗುವುದಿಲ್ಲ. ಮೊದಲು ಸ್ಟಾರು. ನಾಲ್ಕಕ್ಕಿಂತ ಕಡಿಮೆ ಇದ್ದರೆ ಕಳ್ಳ. ಐದಕ್ಕೆ ಐದೂ ಇದ್ದರೆ ಪಕ್ಕಾ ಕಳ್ಳ. 4.3ರಿಂದ 4.7ರ ನಡುವಿನವನು ಮಾತ್ರ ಗೃಹಸ್ಥ. ಆಮೇಲೆ ಗಿರಾಕಿಗಳ ಅಭಿಪ್ರಾಯ. 'ಡಬ್ಬ ಇನ್ನೂ ಬಿಚ್ಚಿಲ್ಲ, ಪ್ಯಾಕಿಂಗ್ ಸೂಪರ್, ಐದು ಸ್ಟಾರ್' ಎಂದು ಬರೆದವನನ್ನು ರಾಯರು ಬೈಯುತ್ತಾರೆ. 'ಕೊರಿಯರ್ ಹುಡುಗ ಸಿಡುಕಿದ, ಒಂದು ಸ್ಟಾರ್' ಎಂದವನನ್ನೂ ಬೈಯುತ್ತಾರೆ. 'ಪ್ರಾಡಕ್ಟ್ ಈಸ್ ನೈಸ್' ಎಂದು ಒಂದೇ ಕಾಗುಣಿತ ತಪ್ಪಿನೊಂದಿಗೆ ಹದಿನಾಲ್ಕು ಜನ ಬರೆದಿದ್ದರೆ, "ಹದಿನಾಲ್ಕು ಜನ ಅಲ್ಲ, ಒಬ್ಬನೇ ಹದಿನಾಲ್ಕು ಅಂಗಿ ಹಾಕಿದ್ದಾನೆ" ಎಂದು ಪತ್ತೆದಾರರಾಗುತ್ತಾರೆ.

ಅದೂ ಆದ ಮೇಲೆ ನೇರ ವಿಚಾರಣೆ. "ಒರಿಜಿನಲ್ಲಾ?" ಎಂದು ಇವರು ಕೇಳುತ್ತಾರೆ. "ಹಂಡ್ರೆಡ್ ಪರ್ಸೆಂಟ್ ಒರಿಜಿನಲ್ ಸರ್‌ಜೀ" ಎಂದು ಅವನು ಉತ್ತರಿಸುತ್ತಾನೆ. ಬಂದ ಡಬ್ಬದ ಮೇಲೆ ತಯಾರಾದ ವರ್ಷ 2024 ಎಂದಿರುತ್ತದೆ. 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆಯ ಒರಿಜಿನಲ್ ಸಾಮಾನು 2024ರಲ್ಲಿ ಹುಟ್ಟಬೇಕಾದರೆ ಪುನರ್ಜನ್ಮವನ್ನು ಒಪ್ಪಬೇಕು. ರಾಯರು ಮಾಧ್ವರು, ಪುನರ್ಜನ್ಮ ಒಪ್ಪುತ್ತಾರೆ. ಆದರೆ ಕಿಕ್ ಸ್ಪ್ರಿಂಗಿಗಲ್ಲ.

ಕಾನೂನೂ ಅವರ ನಾಲಿಗೆ ತುದಿಯಲ್ಲಿದೆ. ಉಪ್ಪಿಟ್ಟಿನ ಮಧ್ಯೆ, "2020ರ ಇ-ಕಾಮರ್ಸ್ ನಿಯಮ ಓದಿ! ಸಾಗಣೆ, ಅಂಚೆ ಎಲ್ಲ ಬಿಡಿಸಿ ತೋರಿಸಿ ಒಟ್ಟು ಬೆಲೆ ಒಂದೇ ಅಂಕಿಯಲ್ಲಿ ಹೇಳಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ಬಂತು ಅನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು" ಎಂದು ಚಮಚ ಎತ್ತುತ್ತಾರೆ. 2023ರಲ್ಲಿ ಸರ್ಕಾರ ಗ್ರಾಹಕರ ಕಣ್ಣಿಗೆ ಮಣ್ಣೆರಚುವ ಹದಿಮೂರು ಚಾಳಿಗಳನ್ನು ಪಟ್ಟಿ ಮಾಡಿದಾಗ ರಾಯರು ಒಂದೊಂದಕ್ಕೂ ಸ್ವಂತ ಉದಾಹರಣೆ ಬರೆದಿಟ್ಟುಕೊಂಡರು. ಮೊದಲು ಸಣ್ಣ ಬೆಲೆ ತೋರಿಸಿ ಕೊನೆಗೆ ಪ್ಯಾಕಿಂಗು, ಪ್ಲಾಟ್‌ಫಾರಂ ಎಂದು ಒಂದೊಂದೇ ಸೇರಿಸುವ 'ಡ್ರಿಪ್ ಪ್ರೈಸಿಂಗ್' ಅವರಿಗೆ ತಟ್ಟನೆ ಅರ್ಥವಾಯಿತು. ಅವರ ಗಾಡಿಯ ಪೆಟ್ರೋಲ್ ಕಾಕೂ ಹಾಗೇ ತೊಟ್ಟಿಕ್ಕುತ್ತದೆ. "ರೈಲ್ವೆಯವರ ಪ್ಲಾಟ್‌ಫಾರಂ ಟಿಕೆಟ್ ತಗೊಂಡರೆ ರೈಲಾದರೂ ನೋಡಬಹುದು. ಇವರ ಪ್ಲಾಟ್‌ಫಾರಂ ಎಲ್ಲಿದೆ, ಹೇಳಿ?"

ದುಡ್ಡು ಕೊಡುವುದು ಸಾಮಾನು ಕೈಗೆ ಬಂದ ಮೇಲೇ. ಇದು ಹೊಸ ಪದ್ಧತಿ ಎಂದು ಮೊಮ್ಮಗ ಜಂಭ ಕೊಚ್ಚಿದಾಗ ರಾಯರು ಕೆರಳಿದ್ದರು. "ಅಂಚೆಯವರು 1877ರಲ್ಲೇ ವಿ.ಪಿ.ಪಿ. ಶುರು ಮಾಡಿದರು ಕಣೋ. ನಮ್ಮಪ್ಪ ಪುಸ್ತಕ, ಲೇಹ್ಯ, ಟಾರ್ಚು ಎಲ್ಲ ಅದರಲ್ಲೇ ತರಿಸಿದ್ದು. ಪೋಸ್ಟ್‌ಮ್ಯಾನಿಗೆ ದುಡ್ಡು ಕೊಟ್ಟು ಬಿಚ್ಚಿದರೆ ಟಾರ್ಚ್ ಇರ್ತಿರಲಿಲ್ಲ, ಇಟ್ಟಿಗೆ ಇರ್ತಿತ್ತು. ಹೊಸದೇನೂ ಇಲ್ಲ!"

ಈಗ ಇಟ್ಟಿಗೆ ಬಂದರೆ ಸಾಕ್ಷಿ ಬೇಕಂತೆ. ಡಬ್ಬ ಬಿಚ್ಚುವ ವೀಡಿಯೋ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಆದ್ದರಿಂದ ರಾಯರ ಮನೆಯಲ್ಲಿ ಪಾರ್ಸೆಲ್ ಬಿಚ್ಚುವುದೆಂದರೆ ಸತ್ಯನಾರಾಯಣ ಪೂಜೆಯ ಅಚ್ಚುಕಟ್ಟು. ಮಣೆಯ ಮೇಲೆ ಡಬ್ಬ, ಪಕ್ಕದಲ್ಲಿ ಕತ್ತರಿ, ಶ್ರೀಮತಿಯ ಕೈಯಲ್ಲಿ ಫೋನು. ಒಮ್ಮೆ ಎಲ್ಲ ಬಿಚ್ಚಿ ಮುಗಿದ ಮೇಲೆ ನೋಡಿದರೆ ಕ್ಯಾಮೆರಾ ತಿರುಗಿಕೊಂಡು, ಐದು ನಿಮಿಷವೂ ಶ್ರೀಮತಿಯವರ ಮುಖದ ಬೇಸರವೇ ದಾಖಲಾಗಿತ್ತು. ಮಾರಾಟಗಾರನಿಗೆ ಅದನ್ನೇ ಕಳಿಸಿದರು. ಆಶ್ಚರ್ಯವೆಂದರೆ ಅವನು ತಕ್ಷಣ ದುಡ್ಡು ವಾಪಸ್ ಹಾಕಿದ.

ಎಲ್ಲರೂ ಹಾಗೆ ಹಾಕುವುದಿಲ್ಲ. ನೂರು ರೂಪಾಯಿಯ ತಪ್ಪು ಸಾಮಾನನ್ನು ಹಿಂದಕ್ಕೆ ಕಳಿಸಲು ನಾವೇ ತೊಂಬತ್ತು ಕೊಡಬೇಕೆನ್ನುವವರೂ ಇದ್ದಾರೆ. ಆದ್ದರಿಂದ ರಾಯರ ನಡುಮನೆಯ ಬೀರುವಿನ ಕೆಳಗಿನ ಖಾನೆ ತುಂಬ ಯಾವ ಗಾಡಿಗೂ ಕೂರದ ಬುಷ್ಷು, ವಾಷರು, ಗ್ಯಾಸ್ಕೆಟ್ಟುಗಳು. ಅದಕ್ಕೆ ಶ್ರೀಮತಿಯವರು ಇಟ್ಟ ಹೆಸರು 'ಅನಾಥಾಲಯ'.

ಆ 249ರ ಪಾಯಿಂಟ್ ಸೆಟ್ಟಿನ ವಿಚಾರಕ್ಕೆ ಬರೋಣ. ಅದು ನಾಲ್ಕನೇ ದಿನ ಬಂತು. ಮೊದಲ ದಿನ ಬೆಂಗಳೂರಿನಲ್ಲಿತ್ತು ಎಂಬುದೊಂದೇ ಗೊತ್ತು. ಝಾನ್ಸಿಯೂ ಇಲ್ಲ, ನಾಗಪುರವೂ ಇಲ್ಲವೆಂದು ರಾಯರಿಗೆ ಆಗಲೇ ಅನುಮಾನ. ಪೂಜೆಗೆ ಕೂತು, ಕನ್ನಡಕ ಏರಿಸಿ, ಚೀಟಿಯ ಮೇಲೆ ಕಳಿಸಿದವರ ವಿಳಾಸ ಓದಿದರು. ಇನ್ನೊಮ್ಮೆ ಓದಿದರು. ಚೀಟಿಯನ್ನು ನನಗೆ ಕೊಟ್ಟು, "ನೀವೇ ಓದಿ, ನನಗೆ ಪೊರೆ ಬಂದಿರಬೇಕು" ಅಂದರು. ಪೊರೆಯೇನೂ ಬಂದಿರಲಿಲ್ಲ. ನಮ್ಮದೇ ಪಿನ್‌ಕೋಡು. ಮೂರನೇ ತಿರುವಿನ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿ. ಎರಡು ವಾರದ ಹಿಂದೆ ಅದೇ ಅಂಗಡಿಯಾತ ಅದೇ ಸೆಟ್ಟಿಗೆ 180 ಹೇಳಿದಾಗ, "ಎಲ್ಲಾದರೂ ಉಂಟೇ? ಡೂಪ್ಲಿಕೇಟ್ ಇರಬೇಕು" ಎಂದು ರಾಯರು ಎದ್ದು ಬಂದಿದ್ದರು. ಅರ್ಧ ಕಿಲೋಮೀಟರಿನ ದಾರಿಯನ್ನು ಪಾರ್ಸೆಲ್ಲು ಬೆಂಗಳೂರಿಗೆ ಹೋಗಿ ಬಂದು, ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರಿನಲ್ಲಿ ಮುಗಿಸಿತ್ತು.

ರಾಯರು ಡಬ್ಬ ಹಿಡಿದು ನಡೆದರು. ನಾನೂ ಹಿಂಬಾಲಿಸಿದೆ. ಇಂಥ ದೃಶ್ಯಗಳು ದಿನವೂ ಸಿಗುವುದಿಲ್ಲ.

ಅಂಗಡಿಯಾತ ನಗಲಿಲ್ಲ. ಅದೇ ಅವನ ದೊಡ್ಡತನ. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದ. "ಸಾಮಾನಿಗೆ 180 ಸಾರ್. ಉಳಿದ 69ರಲ್ಲಿ ಅವರ ಕಮಿಷನ್ನು, ಕೊರಿಯರು, ಡಬ್ಬ, ಟೇಪು. ಉಚಿತ ಅಂತ ನಾವು ಬರೀಬೇಕು, ಇಲ್ಲಾಂದ್ರೆ ನಿಮ್ಮಂಥೋರು ಒತ್ತಲ್ಲ." ಸ್ವಲ್ಪ ತಡೆದು ಸೇರಿಸಿದ: "ಅಂಗಡೀಲಿ ನನ್ನ ಮುಖ ನೋಡಿ ನಂಬಲಿಲ್ಲ. ಅಲ್ಲಿ 4.6 ಸ್ಟಾರ್ ನೋಡಿ ನಂಬಿದ್ರಿ. ಆ ಸ್ಟಾರೂ ನಂದೇ ಸಾರ್."

ರಾಯರ ಬಳಿ ಉತ್ತರವಿರಲಿಲ್ಲ. ನಾನು ಅವರನ್ನು ಹಾಗೆ ಕಂಡದ್ದು ಅದೇ ಮೊದಲು.

"ಹಳೇದು ತಂದಿದ್ದೀರಾ?" ಎಂದು ಆತನೇ ಕೇಳಿದ. ರಾಯರು ಜೇಬಿನಿಂದ ಕರಕಾದ ಹಳೇ ಸೆಟ್ಟು ತೆಗೆದರು. ಎರಡನ್ನೂ ಪಕ್ಕಪಕ್ಕ ಹಿಡಿದು, "ಇದು ನಿಮ್ಮ ಗಾಡಿಗೆ ಕೂರಲ್ಲ ಸಾರ್, ಬೇರೆ ಮಾಡೆಲ್ಲಿಂದು" ಎಂದು ಒಳಗಿನಿಂದ ಇನ್ನೊಂದು ತಂದು ಕೈಗಿತ್ತ. ವೀಡಿಯೋ ಕೇಳಲಿಲ್ಲ. ಓಟಿಪಿ ಕೇಳಲಿಲ್ಲ. ವಾಪಸ್ ಸಾಗಣೆ ಖರ್ಚನ್ನೂ ಕೇಳಲಿಲ್ಲ. ಅಂದು ಸಂಜೆ ರೋಡ್‌ಕಿಂಗು ಎರಡನೇ ಕಿಕ್ಕಿಗೇ ಎದ್ದು, ಬೀದಿಗೆಲ್ಲ ಸೊಳ್ಳೆ ಓಡಿಸುವಷ್ಟು ಹೊಗೆ ಬಿಟ್ಟಿತು.

ಎಲ್ಲ ಭಾಗವೂ ಮೂಲೆಯಂಗಡಿಯಲ್ಲಿ ಸಿಗುವುದಿಲ್ಲ ನಿಜ. ನಿಂತುಹೋದ ಗಾಡಿಯ ಸೈಲೆನ್ಸರಿಗೆ ಲೂಧಿಯಾನವೇ ಗತಿ. ಅಂಥಲ್ಲಿ ಸಾಗಣೆಯ 80 ರೂಪಾಯಿಯನ್ನು ಬೇರೆ ಸಾಲಿನಲ್ಲಿ ಬರೆದವನ ಮೇಲೆ ಸಿಟ್ಟಾಗಬೇಡಿ. ಇಡೀ ಬಿಲ್ಲಿನಲ್ಲಿ ಮುಚ್ಚುಮರೆಯಿಲ್ಲದ ಸಾಲು ಅದೊಂದೇ ಇರಬಹುದು. ಒಟ್ಟು ಅಂಕಿ ನೋಡಿ, ಮಾರುವವನ ಊರು ನೋಡಿ, ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಆದರೆ ಅದಕ್ಕೂ ಮುಂಚೆ ಹಳೇ ಸಾಮಾನನ್ನು ಜೇಬಿಗೆ ಹಾಕಿಕೊಂಡು ಒಮ್ಮೆ ಮೂರನೇ ತಿರುವಿನವರೆಗೆ ಹೋಗಿ ಬನ್ನಿ. ಸಾಗಣೆ ನಿಜವಾಗಿ ಉಚಿತವಾಗಿರುವುದು ಅಲ್ಲಿ ಮಾತ್ರ, ಕಾಲು ನಮ್ಮದೇ ಆದ್ದರಿಂದ.